ಟ್ರೇಲರ್‌ನಲ್ಲಿ ಕಂಡ ಗೇಮ್ ಮನೆಯ ಟಿವಿಯಲ್ಲಿ ಹಾಗೆ ಯಾಕೆ ಕಾಣಲ್ಲ? ದೋಷ ಹುಡುಕುವ ದಾರಿ

ಹೋದ ಭಾನುವಾರ ಹುಬ್ಬಳ್ಳಿಯ ಕೇಶ್ವಾಪುರದಿಂದ ಅಕ್ಕನ ಮಗ ಫೋನ್ ಮಾಡಿದ. "ಮಾಮಾ, ಟ್ರೇಲರ್‌ನ್ಯಾಗ ಕಂಡಂಗ ಒಂದೂ ಕಾಣವಲ್ದು. ಎಲ್ಲಾ ಮಬ್ಬ ಮಬ್ಬ ಐತಿ. ಡಬ್ಬಾ ಪೀಸ್ ಕೊಟ್ಟಾರ ಅನಸ್ತೈತಿ." ಹೊಸ ಗೇಮ್ ಕನ್ಸೋಲ್ (ಪಿಎಸ್5), ಹೊಸ 4ಕೆ ಟಿವಿ, ಎರಡೂ ಹಬ್ಬದ ಆಫರ್‌ನಲ್ಲಿ ತಂದದ್ದು. ಅಂಗಡಿಗೆ ವಾಪಸ್ ಒಯ್ಯಲು ಪೆಟ್ಟಿಗೆಯನ್ನೂ ಅಟ್ಟದಿಂದ ಇಳಿಸಿ ಇಟ್ಟಿದ್ದ. "ತಡಿಯೋ, ನಾ ಬರ್ತೇನಿ" ಅಂದು ಧಾರವಾಡದಲ್ಲಿ ಚಿಗರಿ ಬಸ್ ಹತ್ತಿದೆ.

ಸಂಜೆ ಹೊತ್ತಿಗೆ ಐದು ತಪ್ಪು ಸಿಕ್ಕವು. ಒಂದೂ ಕನ್ಸೋಲ್‌ನದ್ದಲ್ಲ. ಅವನ ಮನೆಯಲ್ಲಿ ಮಾಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಜೊತೆಗೆ ಪಿಸಿ ಇಟ್ಟುಕೊಂಡವರಿಗೆ ಬರುವ ತೊಂದರೆಗಳನ್ನೂ ಸೇರಿಸಿದ್ದೇನೆ.

ಮೊದಲು ಕೇಳಬೇಕಾದದ್ದು: ಯಾವಾಗ ಕೆಡುತ್ತದೆ?

ಏನು ಕೆಟ್ಟಿದೆ ಅಂತ ಹುಡುಕಬೇಡಿ, ಯಾವಾಗ ಕೆಡುತ್ತದೆ ಅಂತ ನೋಡಿ. ಗೇಮ್ ಹಚ್ಚುವ ಮೊದಲೇ, ಕನ್ಸೋಲ್‌ನ ಮೆನುವಿನಲ್ಲೇ ಬಣ್ಣ ತೊಳೆದಂತೆ ಕಾಣುತ್ತಿದ್ದರೆ ತಪ್ಪು ಟಿವಿಯಲ್ಲೋ ಕೇಬಲ್‌ನಲ್ಲೋ ಇದೆ. ನಿಂತಾಗ ಚೆಂದ, ಓಡಿದ ಕೂಡಲೇ ಮಸುಕು ಅಂದರೆ ಅದು ಗೇಮ್ ಎಂಜಿನ್ (ಗೇಮ್‌ನ ಚಿತ್ರ ಬಿಡಿಸುವ ಮೂಲ ಸಾಫ್ಟ್‌ವೇರ್) ಚಿತ್ರ ಕಟ್ಟುವ ರೀತಿಗೆ ಸಂಬಂಧಿಸಿದ್ದು. ಹೊಸ ಜಾಗಕ್ಕೆ ಹೋದಾಗ ಒಂದು ಸಲ ಗಕ್ಕನೆ ನಿಂತು, ಅದೇ ಜಾಗಕ್ಕೆ ಎರಡನೇ ಸಲ ಹೋದಾಗ ಏನೂ ಆಗದಿದ್ದರೆ ಅದು ಶೇಡರ್ ಕಥೆ, ಅದೇನು ಅಂತ ಮುಂದೆ ಹೇಳುತ್ತೇನೆ. ಮೊದಲ ಅರ್ಧ ತಾಸು ಚೆನ್ನಾಗಿದ್ದು ಆಮೇಲೆ ಕುಂಟತೊಡಗಿದರೆ ಬಿಸಿ. ಇಷ್ಟು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಪರೀಕ್ಷೆ ಹೀಗೆ ಮಾಡಿ. ಗೇಮ್‌ನಲ್ಲಿ ತೆಳುವಾದ ಗೆರೆಗಳಿರುವ ವಸ್ತು ಹುಡುಕಿ: ಕಿಟಕಿಯ ಸರಳು, ಕರೆಂಟ್ ತಂತಿ, ಬೇಲಿ, ಹುಲ್ಲು, ಏನಾದರೂ ಸರಿ. ಅದರ ಎದುರು ನಿಂತು ಹತ್ತು ಎಣಿಸಿ ನೋಡಿ. ಆಮೇಲೆ ಕ್ಯಾಮರಾವನ್ನು ನಿಧಾನಕ್ಕೆ ತಿರುಗಿಸಿ. ಆಮೇಲೆ ಓಡಿ. ಮೂರರಲ್ಲಿ ಯಾವಾಗ ಕೆಟ್ಟಿತು ಅಂತ ನೆನಪಿಟ್ಟುಕೊಳ್ಳಿ. ನನ್ನ ಅಳಿಯನಿಗೆ ಇದನ್ನು ಮಾಡು ಅಂದರೆ ಎರಡು ಎಣಿಸುವಷ್ಟರಲ್ಲಿ ಓಡಿಬಿಡುತ್ತಾನೆ, ಅದಕ್ಕೇ ಕಂಟ್ರೋಲರ್ ನಾನೇ ಇಸಗೊಂಡೆ.

ಟಿವಿ ಮತ್ತು ಕೇಬಲ್

ಅವನ ಟಿವಿಯಲ್ಲಿ ಮೆನುವೇ ಬೂದಿ ಬಳಿದಂತೆ ಇತ್ತು. ಅಲ್ಲಿಗೆ ಗೇಮ್ ಮೇಲಿನ ಅನುಮಾನ ಹೋಯಿತು. ಪಿಎಸ್5ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ, ಸ್ಕ್ರೀನ್ ಅಂಡ್ ವಿಡಿಯೊ ಅನ್ನುವ ಕಡೆ ವಿಡಿಯೊ ಔಟ್‌ಪುಟ್ ತೆರೆದರೆ ಈಗ ಟಿವಿಗೆ ಏನು ಹೋಗುತ್ತಿದೆ ಅನ್ನುವುದು ಅಂಕಿಗಳಲ್ಲೇ ಸಿಗುತ್ತದೆ: ರೆಸಲ್ಯೂಷನ್, ಎಷ್ಟು ಹರ್ಟ್ಜ್, ಬಣ್ಣದ ಫಾರ್ಮ್ಯಾಟ್, ಎಚ್‌ಡಿಆರ್ (ಕಪ್ಪು ಇನ್ನೂ ಕಪ್ಪಾಗಿ, ಬೆಳಕು ಇನ್ನೂ ಹೊಳೆದು ಕಾಣುವ ವ್ಯವಸ್ಥೆ) ಇದೆಯೋ ಇಲ್ಲವೋ. ಅವನದ್ದು 4ಕೆ ಅಂತ ತೋರಿಸಿತು, ಎಚ್‌ಡಿಆರ್ ಮಾತ್ರ ಈ ಟಿವಿಗೆ ಆಗಲ್ಲ ಅಂತಿತ್ತು. ಟಿವಿ ಪೆಟ್ಟಿಗೆ ಮೇಲೆ ಎಚ್‌ಡಿಆರ್ ಅಂತ ಅಂಗೈ ಅಗಲದ ಅಕ್ಷರ!

ಇಲ್ಲಿ ಬಹಳ ಜನ ಎಡವುತ್ತಾರೆ. ಟಿವಿಯ ಎಚ್‌ಡಿಎಂಐ ಪೋರ್ಟ್‌ಗಳು ಹಳೆಯ ಸೆಟ್‌ಟಾಪ್ ಬಾಕ್ಸ್‌ಗಳಿಗೂ ಹೊಂದಲಿ ಅಂತ ಕಾರ್ಖಾನೆಯಿಂದಲೇ ಹಳೆಯ ಫಾರ್ಮ್ಯಾಟ್‌ನಲ್ಲಿ ಬಂದಿರಬಹುದು. ಅದನ್ನು ಟಿವಿಯ ಸೆಟ್ಟಿಂಗ್‌ನಲ್ಲಿ ನಾವೇ ಬದಲಿಸಬೇಕು, ಅದೂ ಪೋರ್ಟ್‌ಗೆ ಒಂದರಂತೆ ಬೇರೆ ಬೇರೆ. ಹೆಸರು ಒಂದೊಂದು ಕಂಪನಿಯದ್ದು ಒಂದೊಂದು: ಇನ್‌ಪುಟ್ ಸಿಗ್ನಲ್ ಪ್ಲಸ್, ಡೀಪ್ ಕಲರ್, ಎನ್‌ಹಾನ್ಸ್ಡ್ ಫಾರ್ಮ್ಯಾಟ್, ಹೀಗೆ. ಅಳಿಯನ ಮನೆಯಲ್ಲಿ ಒಳ್ಳೆಯ ಪೋರ್ಟ್‌ನಲ್ಲಿ ಸೀರಿಯಲ್ ನೋಡುವ ಸೆಟ್‌ಟಾಪ್ ಬಾಕ್ಸ್ ಕೂತಿತ್ತು, ಕನ್ಸೋಲ್ ಪಕ್ಕದ್ದರಲ್ಲಿ. ಎರಡನ್ನೂ ಅದಲುಬದಲು ಮಾಡಿ, ಆ ಪೋರ್ಟ್‌ನ ಫಾರ್ಮ್ಯಾಟ್ ಬದಲಿಸಿದೆ. ಎಚ್‌ಡಿಆರ್ ಬಂತು.

ಕೇಬಲ್ ವಿಷಯ ಬೇಗ ಹೇಳಿಬಿಡುತ್ತೇನೆ. ಎಚ್‌ಡಿಎಂಐ 2.0ರಲ್ಲಿ ಸೆಕೆಂಡಿಗೆ 18 ಗಿಗಾಬಿಟ್ ಹೋಗುತ್ತದೆ, 2.1ರಲ್ಲಿ 48ರವರೆಗೆ. 4ಕೆ 120 ಹರ್ಟ್ಜ್ ಬೇಕಾದರೆ ಟಿವಿಯ ಪೋರ್ಟೂ ಕೇಬಲ್ಲೂ ಎರಡನೇ ಜಾತಿಯದ್ದಾಗಿರಬೇಕು. ಕನ್ಸೋಲ್ ಜೊತೆ ಪೆಟ್ಟಿಗೆಯಲ್ಲಿ ಬಂದ ಕೇಬಲ್ ಸಾಕು. ಚಿನ್ನದ ಲೇಪ ಅಂತ ಜಾಸ್ತಿ ದುಡ್ಡು ಕೊಡಬೇಡಿ. ಚಿತ್ರ ನಡುನಡುವೆ ಒಂದು ಕ್ಷಣ ಪೂರ್ತಿ ಕಪ್ಪಾಗಿ ಮತ್ತೆ ಬರುತ್ತಿದ್ದರೆ, ಅಥವಾ ಬಿಳಿ ಚುಕ್ಕೆ ಮಿಣುಕುತ್ತಿದ್ದರೆ ಮೊದಲು ಕೇಬಲ್ ಬದಲಿಸಿ ನೋಡಿ.

ಆದರೂ ಬೂದಿ ಬಣ್ಣ ಹೋಗಿರಲಿಲ್ಲ. ಇದು ಕಪ್ಪಿನ ಅಳತೆಯ ಗಲಾಟೆ. ಟಿವಿ ಲೋಕದಲ್ಲಿ ಕಪ್ಪು ಅಂದರೆ 16, ಬಿಳಿ ಅಂದರೆ 235. ಕಂಪ್ಯೂಟರ್ ಲೋಕದಲ್ಲಿ ಕಪ್ಪು 0, ಬಿಳಿ 255. ಕನ್ಸೋಲ್ ಮೊದಲನೆಯ ಲೆಕ್ಕದಲ್ಲಿ ಕಳಿಸಿ ಟಿವಿ ಎರಡನೆಯದರಲ್ಲಿ ಓದಿದರೆ ಕಪ್ಪೆಲ್ಲ ಬೂದಿಯಾಗುತ್ತದೆ. ಉಲ್ಟಾ ಆದರೆ ಕತ್ತಲ ಕೋಣೆಯಲ್ಲಿ ಏನೂ ಕಾಣಲ್ಲ, ಎಲ್ಲ ಡಾಂಬರು. ಕನ್ಸೋಲ್‌ನಲ್ಲಿ ಇದರ ಹೆಸರು ಆರ್‌ಜಿಬಿ ರೇಂಜ್, ಟಿವಿಯಲ್ಲಿ ಬ್ಲ್ಯಾಕ್ ಲೆವೆಲ್ ಅಂತ ಇರುತ್ತದೆ. ಎರಡನ್ನೂ ಆಟೊಮ್ಯಾಟಿಕ್‌ಗೆ ಹಾಕಿ. ಸರಿಹೋಗದಿದ್ದರೆ ಎರಡನ್ನೂ ಲಿಮಿಟೆಡ್‌ಗೆ ಹಾಕಿ, ಅದಕ್ಕೆ ಕೆಲವು ಟಿವಿಗಳಲ್ಲಿ ಲೋ ಅಂತ ಬರೆದಿರುತ್ತಾರೆ. ಮುಖ್ಯವಾದದ್ದು ಎರಡೂ ಒಂದೇ ಇರುವುದು.

ಆಮೇಲೆ ಎಚ್‌ಡಿಆರ್ ಹೊಂದಿಸುವ ಪರದೆ. ಒಂದು ಸಣ್ಣ ಗುರುತು ತೋರಿಸಿ, ಅದು ಇನ್ನೇನು ಕಾಣಲ್ಲ ಅನ್ನುವ ಹಂತದವರೆಗೆ ಹೊಳಪು ಏರಿಸಿ ಅನ್ನುತ್ತದಲ್ಲ, ಅದು. "ಇದನ್ನ ಹೆಂಗ ಮಾಡಿದ್ದಿ?" ಅಂದೆ. "ಸುಮ್ನ ಮೂರೂ ಸಲ ಎಕ್ಸ್ ಒತ್ತಿ ಮುಂದ ಹೋದ್ಯಾ" ಅಂದ. ನೂರಕ್ಕೆ ತೊಂಬತ್ತು ಜನ ಹೀಗೇ ಅನ್ನುವುದು ನನ್ನ ಅನುಮಾನ. ಆ ಪರದೆಯಲ್ಲಿ ಕನ್ಸೋಲ್ ಕೇಳುತ್ತಿರುವುದು ನಿಮ್ಮ ಟಿವಿ ಎಷ್ಟು ಬೆಳಗಬಲ್ಲದು ಅಂತ. ತಪ್ಪು ಉತ್ತರ ಕೊಟ್ಟರೆ ಗೇಮ್‌ನ ಮೋಡಗಳೆಲ್ಲ ಸುಣ್ಣ ಹೊಡೆದ ಗೋಡೆಯಾಗುತ್ತವೆ. ಮೊದಲು ಟಿವಿಯನ್ನು ಗೇಮ್ ಮೋಡ್‌ಗೆ ಹಾಕಿ, ಆಮೇಲೆ ಇದನ್ನು ಮಾಡಿ. ಮೋಡ್ ಬದಲಿಸಿದರೆ ಮತ್ತೆ ಮಾಡಬೇಕು.

ಇನ್ನೊಂದು, ಶಾರ್ಪ್‌ನೆಸ್. ಅಂಗಡಿಯಲ್ಲಿ ಕಣ್ಣಿಗೆ ಹೊಡೆಯಲಿ ಅಂತ ವಿವಿಡ್ ಮೋಡ್ ಹಾಕಿ ಶಾರ್ಪ್‌ನೆಸ್ ಏರಿಸಿಟ್ಟಿರುತ್ತಾರೆ. ಇವತ್ತಿನ ಗೇಮ್‌ಗಳು ತಾವೇ ಚಿತ್ರವನ್ನು ಒಂದು ಸಲ ಚೂಪು ಮಾಡಿ ಕಳಿಸುತ್ತವೆ. ಟಿವಿ ಅದನ್ನು ಮತ್ತೊಮ್ಮೆ ಚೂಪು ಮಾಡಿದರೆ ಕೂದಲಿನ ಸುತ್ತ ಬಿಳಿ ಅಂಚು, ಎಲೆಗಳಲ್ಲಿ ಮರಳಿನಂಥ ಸದ್ದು. ಹೌದು, ಕಣ್ಣಿಗೆ ಕಾಣುವ ಸದ್ದು. ಬಹಳ ಟಿವಿಗಳಲ್ಲಿ ಸೊನ್ನೆಯ ಹತ್ತಿರ ತಂದರೆ ಸರಿ, ಕೆಲವದರಲ್ಲಿ ನಡುಮಧ್ಯೆ ಇದ್ದರೆ ಸಹಜ. ಚಲನೆ ನುಣುಪು ಮಾಡುವ ಸೌಲಭ್ಯ ಯಾವ ಹೆಸರಿನಲ್ಲಿದ್ದರೂ ಆಫ್ ಮಾಡಿ.

ಓಡಿದಾಗ ಮಾತ್ರ ಮಸುಕು

ಇದು ಸ್ವಲ್ಪ ಉದ್ದದ ಮಾತು, ಯಾಕೆಂದರೆ ಇಲ್ಲಿ ಅರ್ಧದಷ್ಟು ದೋಷವೇ ಅಲ್ಲ.

4ಕೆ ಅಂದರೆ 3840 ಅಡ್ಡ, 2160 ಉದ್ದ, ಒಟ್ಟು ಸುಮಾರು 83 ಲಕ್ಷ ಚುಕ್ಕೆ. ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಬಿಡಿ ಚಿತ್ರ ಬೇಕಾದರೆ ಅಷ್ಟನ್ನೂ 16.7 ಮಿಲಿಸೆಕೆಂಡಿನಲ್ಲಿ ಬಿಡಿಸಬೇಕು. ನಿಜದಂತೆ ಕಾಣುವ ಬೆಳಕಿನ ಲೆಕ್ಕ ಹಾಕುತ್ತಾ ಇದು ಆಗದ ಮಾತು. ಅದಕ್ಕೆ ಎಂಜಿನ್ ಒಳಗೊಳಗೇ ಚಿಕ್ಕ ಚಿತ್ರ ಬಿಡಿಸಿ, ಹಿಂದಿನ ಫ್ರೇಮ್‌ಗಳ ನೆನಪನ್ನು ಸೇರಿಸಿ ದೊಡ್ಡದು ಮಾಡುತ್ತದೆ. ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ 2, ಅನ್‌ರಿಯಲ್ ಅನ್ನುವ ಎಂಜಿನ್ನಿನ ಟಿಎಸ್‌ಆರ್ ಎಲ್ಲದರ ಕೆಲಸ ಇದೇ. 4ಕೆಯಲ್ಲಿ ಪರ್ಫಾರ್ಮೆನ್ಸ್ ಮಟ್ಟ ಆರಿಸಿದರೆ ಒಳಗೆ ಬಿಡಿಸುವುದು 1080ಪಿ ಮಾತ್ರ, ಅಂದರೆ ಸುಮಾರು 21 ಲಕ್ಷ ಚುಕ್ಕೆ, ನಾಲ್ಕರಲ್ಲಿ ಒಂದು ಪಾಲು. ಉಳಿದ ಮೂರು ಪಾಲು ನೆನಪಿನಿಂದ ತುಂಬಿದ್ದು. ನಿಂತಾಗ ನೆನಪು ಸರಿಯಾಗಿ ಕೂಡುತ್ತದೆ. ಓಡಿದಾಗ ಗೋಡೆಯ ಮರೆಯಿಂದ ಹೊಸದಾಗಿ ಹೊರಬಂದ ಜಾಗಕ್ಕೆ ನೆನಪೇ ಇರಲ್ಲ. ಅಲ್ಲೇ ಮಸುಕು, ಹಾರುವ ಹಕ್ಕಿಯ ಹಿಂದೆ ಬಾಲದಂಥ ನೆರಳು.

ಇದರಿಂದ 1080ಪಿ ಮಾನಿಟರ್ ಇರುವವರಿಗೆ ಒಂದು ಮಾತು. ನಿಮ್ಮಲ್ಲಿ ಪರ್ಫಾರ್ಮೆನ್ಸ್ ಮಟ್ಟ ಅಂದರೆ ಒಳಗೆ 540ಪಿ. ಅದು ಚೆಂದ ಕಾಣಲ್ಲ, ಯಾವ ಗ್ರಾಫಿಕ್ಸ್ ಕಾರ್ಡ್ ಹಾಕಿದರೂ ಕಾಣಲ್ಲ. ಕ್ವಾಲಿಟಿಗೆ ಇಟ್ಟು, ನೆರಳು ಮತ್ತು ಬೆಳಕಿನ ಸೆಟ್ಟಿಂಗನ್ನು ಒಂದು ಮೆಟ್ಟಿಲು ಇಳಿಸಿ. ಲಾಭ ತಕ್ಷಣ ಕಾಣುತ್ತದೆ.

ಬೆಳಕಿನ ವಿಷಯ ನನಗೆ ಹೊಳೆದದ್ದು ಗೇಮ್ ಆಡುವಾಗಲ್ಲ, ಗದಗಿನ ಹತ್ತಿರದ ಲಕ್ಕುಂಡಿಯಲ್ಲಿ. ಕಾಶಿವಿಶ್ವೇಶ್ವರ ಗುಡಿಯಲ್ಲಿ ಬಾಗಿಲಿನಿಂದ ಬಿದ್ದ ಬಿಸಿಲು ನೆಲಕ್ಕೆ ತಾಗಿ, ನೆಲದಿಂದ ಕಂಬಕ್ಕೆ, ಕಂಬದಿಂದ ಛಾವಣಿಗೆ ಹೋಗುತ್ತದೆ. ಛಾವಣಿಯ ಕೆತ್ತನೆ ಕಾಣುವುದು ಅಲ್ಲಿಗೆ ನೇರವಾಗಿ ಬಿಸಿಲು ಬಿದ್ದು ಅಲ್ಲ, ನೆಲ ವಾಪಸ್ ಕೊಟ್ಟ ಬೆಳಕಿನಿಂದ. ಬಾಗಿಲಲ್ಲಿ ಯಾರೋ ಅಡ್ಡ ನಿಂತರೆ ಒಳಗೆಲ್ಲ ಒಂದೇ ಸಲಕ್ಕೆ ಮಂಕಾಗುತ್ತದೆ. ಹಳೆಯ ಗೇಮ್‌ಗಳಲ್ಲಿ ಈ ಪುಟಿಯುವ ಬೆಳಕನ್ನು ಮೊದಲೇ ಲೆಕ್ಕಹಾಕಿ ಗೋಡೆಗೆ ಬಳಿದಿಡುತ್ತಿದ್ದರು. ಅನ್‌ರಿಯಲ್ ಎಂಜಿನ್ 5ರ ಲ್ಯೂಮೆನ್ ಅದನ್ನು ಆಟ ನಡೆಯುವಾಗಲೇ ಲೆಕ್ಕ ಹಾಕುತ್ತದೆ. ಆದರೆ ಒಂದೇ ಫ್ರೇಮಿನಲ್ಲಿ ಅಲ್ಲ, ಹಲವು ಫ್ರೇಮ್‌ಗಳಿಗೆ ಹಂಚಿ. ಹಾಗಾಗಿ ಕತ್ತಲ ಕೋಣೆಯಲ್ಲಿ ಟಾರ್ಚ್ ಹಚ್ಚಿದಾಗ ಗೋಡೆಗಳ ಬೆಳಕು ಒಂದು ಕ್ಷಣ ತಡವಾಗಿ ಹರಡುವುದು, ಮೂಲೆಗಳಲ್ಲಿ ನೆರಳು ಕುದಿಯುವ ನೀರಿನಂತೆ ಸಣ್ಣಗೆ ಅಲುಗುವುದು, ಇವು ನಿಮ್ಮ ಮಷೀನಿನ ದೋಷ ಅಲ್ಲ. ಬೆಳಕಿನ ಸೆಟ್ಟಿಂಗ್ ಏರಿಸಿದರೆ ಕಮ್ಮಿಯಾಗುತ್ತದೆ, ಪೂರ್ತಿ ಹೋಗಲ್ಲ.

ಟ್ರೇಲರ್ ಬಗ್ಗೆಯೂ ಹೇಳಬೇಕು. 2020ರ ಮೇ 13ರಂದು ಈ ಎಂಜಿನ್ ಮಾಡಿದ ಎಪಿಕ್ ಗೇಮ್ಸ್‌ನವರು ಅದರ ಮೊದಲ ಡೆಮೊ ತೋರಿಸಿದಾಗ ಎಲ್ಲರ ಬಾಯಿ ತೆರೆದಿತ್ತು. ಒಂದೊಂದು ಶಿಲ್ಪಕ್ಕೆ 3.3 ಕೋಟಿ ತ್ರಿಕೋನ, ಅಂಥವು ಸುಮಾರು 500 ಒಂದೇ ಕೋಣೆಯಲ್ಲಿ. ಓಡಿದ್ದು ಪಿಎಸ್5 ಮೇಲೆಯೇ. ಆದರೆ ಬಹುಪಾಲು 1440ಪಿಯಲ್ಲಿ, 30 ಫ್ರೇಮ್‌ಗೆ. ನಾವು ಮನೆಯಲ್ಲಿ ಅದೇ ಚೆಂದವನ್ನು 4ಕೆಯಲ್ಲಿ, 60ಕ್ಕೆ ಕೇಳುತ್ತೇವೆ, ಅಲ್ವಾ? ಎಂಜಿನ್ ಪೂರ್ತಿಯಾಗಿ ಬಿಡುಗಡೆಯಾದದ್ದು 2022ರ ಏಪ್ರಿಲ್‌ನಲ್ಲಿ. ಅದರ ಕೈಪಿಡಿಯಲ್ಲೇ ಲ್ಯೂಮೆನ್ 'ಎಪಿಕ್' ಅನ್ನುವ ಸೆಟ್ಟಿಂಗ್ ಮಟ್ಟದಲ್ಲಿ ಕನ್ಸೋಲ್‌ನಲ್ಲಿ 30 ಫ್ರೇಮ್‌ಗೆ, ಹೈ ಮಟ್ಟದಲ್ಲಿ 60ಕ್ಕೆ, ಎರಡೂ ಒಳಗಿನ 1080ಪಿ ಲೆಕ್ಕದಲ್ಲಿ ಅಂತ ಗುರಿ ಇಟ್ಟಿದ್ದಾರೆ.

ಹಾಗಾದರೆ ಏನು ಮಾಡಬಹುದು? ಗೇಮ್‌ನ ಸೆಟ್ಟಿಂಗ್‌ನಲ್ಲಿ ಮೋಷನ್ ಬ್ಲರ್, ಫಿಲ್ಮ್ ಗ್ರೇನ್, ಕ್ರೊಮ್ಯಾಟಿಕ್ ಅಬರೇಷನ್ ಮೂರನ್ನೂ ಆಫ್ ಮಾಡಿ ನೋಡಿ. ಅರ್ಧ ಮಬ್ಬು ಅದೇ ಆಗಿರುತ್ತದೆ. ಕ್ವಾಲಿಟಿ ಮತ್ತು ಪರ್ಫಾರ್ಮೆನ್ಸ್ ಮೋಡ್ ಎರಡನ್ನೂ ಹತ್ತು ಹತ್ತು ನಿಮಿಷ ಆಡಿ ಹೋಲಿಸಿ. ನಿಧಾನಕ್ಕೆ ಸುತ್ತಾಡುವ ಕಥೆಯ ಗೇಮ್ ಆದರೆ ನಾನು ಕ್ವಾಲಿಟಿ ಆರಿಸುತ್ತೇನೆ, ಗುಂಡು ಹಾರಿಸುವುದಾದರೆ ಯೋಚನೆಯೇ ಇಲ್ಲ, ಪರ್ಫಾರ್ಮೆನ್ಸ್. 120 ಹರ್ಟ್ಜ್ ಟಿವಿ ಇದ್ದು ಗೇಮ್‌ನಲ್ಲಿ 40 ಫ್ರೇಮ್‌ನ ಆಯ್ಕೆ ಇದ್ದರೆ ಅದೇ ಹದವಾದದ್ದು: ಒಂದು ಫ್ರೇಮ್‌ಗೆ 25 ಮಿಲಿಸೆಕೆಂಡ್, 30 ಫ್ರೇಮ್‌ನ 33.3ಕ್ಕೂ 60ರ 16.7ಕ್ಕೂ ಸರಿಯಾಗಿ ನಡುವೆ.

ಎರಡು ನಿಜವಾದ ಫ್ರೇಮ್‌ಗಳ ನಡುವೆ ಊಹಿಸಿದ ಫ್ರೇಮ್ ತುರುಕುವ ಫ್ರೇಮ್ ಜನರೇಷನ್ ಅನ್ನುವುದನ್ನು ಮದ್ದು ಅಂತ ತಿಳಿಯಬೇಡಿ. ಮೊದಲೇ 60ರ ಹತ್ತಿರ ಓಡುತ್ತಿದ್ದರೆ ಅದು ಇನ್ನೂ ನುಣುಪು ಮಾಡುತ್ತದೆ. 30ಕ್ಕೆ ಕುಂಟುತ್ತಿದ್ದರೆ ಮೀಟರ್ ಏರುತ್ತದೆ, ಬಟನ್ ಒತ್ತಿದ್ದಕ್ಕೂ ಪಾತ್ರ ಅಲುಗುವುದಕ್ಕೂ ನಡುವಿನ ಅಂತರ ಹಾಗೇ ಉಳಿಯುತ್ತದೆ, ಇಲ್ಲವೇ ಜಾಸ್ತಿಯಾಗುತ್ತದೆ.

ಗಕ್ಕನೆ ನಿಲ್ಲುವುದು

ಇದು ಹೆಚ್ಚಾಗಿ ಪಿಸಿಯವರ ಗೋಳು. ಗದಗ-ಬೆಟಗೇರಿಯ ಗೆಳೆಯನೊಬ್ಬ ಒಳ್ಳೆಯ ಕಾರ್ಡ್ ಹಾಕಿಸಿದ್ದ. ಮೀಟರ್‌ನಲ್ಲಿ 90 ಫ್ರೇಮ್. ಆದರೂ ಹೊಸ ಬಾಗಿಲು ತೆರೆದಾಗಲೆಲ್ಲ, ಮೊದಲ ಸ್ಫೋಟ ಆದಾಗಲೆಲ್ಲ ಅರ್ಧ ಸೆಕೆಂಡ್ ಕಲ್ಲಿನಂತೆ ನಿಲ್ಲುತ್ತಿತ್ತು. ಕಾರ್ಡ್ ಮೇಲೆ ಹೊಸ ವಸ್ತುವೊಂದನ್ನು ಬಿಡಿಸುವ ಮೊದಲು ಅದರ ಶೇಡರ್ ಅನ್ನುವ ಸಣ್ಣ ಪ್ರೋಗ್ರಾಮ್ ಆ ಕಾರ್ಡಿನ ಭಾಷೆಗೆ ತಯಾರಾಗಬೇಕು. ಕನ್ಸೋಲ್ ಎಲ್ಲರ ಮನೆಯಲ್ಲೂ ಒಂದೇ ತರಹದ್ದು, ಹಾಗಾಗಿ ಅಲ್ಲಿ ಎಲ್ಲ ತಯಾರಾಗಿಯೇ ಬರುತ್ತದೆ. ಪಿಸಿಯಲ್ಲಿ ನೂರಾರು ಕಾರ್ಡ್, ಹತ್ತಾರು ಡ್ರೈವರ್, ಪ್ರತಿ ಮನೆಯಲ್ಲೂ ಅಲ್ಲೇ ಅಡುಗೆ ಮಾಡಬೇಕು.

"ಗೇಮ್ ಚಾಲೂ ಆಗೂಮುಂದ ಶೇಡರ್ ತಯಾರ್ ಮಾಡ್ತೇನಿ ಅಂತ ಒಂದ್ ಪಟ್ಟಿ ಬರ್ತೈತಲಾ, ಅದನ್ನ ಪೂರ್ತಿ ಆಗಾಕ ಬಿಡ್ತಿ ಏನ?" ಅಂತ ಕೇಳಿದೆ. "ಏ, ಅದನ್ನ ಸ್ಕಿಪ್ ಹೊಡೀತೇನಿ" ಅಂದ. ಅಷ್ಟೇ ಇದ್ದದ್ದು. ಆ ಪಟ್ಟಿ ತುಂಬುವವರೆಗೆ ಒಂದು ಚಹಾ ಕುಡಿದು ಬನ್ನಿ. ಡ್ರೈವರ್ ಅಪ್‌ಡೇಟ್ ಮಾಡಿದರೆ ಹಳೆಯ ಶೇಡರ್‌ಗಳು ರದ್ದಾಗಿ ಮತ್ತೆ ಮೊದಲಿಂದ ಆಗಬೇಕು, ಹಾಗಾಗಿ ಗೇಮ್ ಚೆನ್ನಾಗಿ ಓಡುತ್ತಿದ್ದರೆ ಡ್ರೈವರ್ ಮುಟ್ಟಬೇಡಿ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಶೇಡರ್ ಕ್ಯಾಶ್ ಗಾತ್ರವನ್ನು 10 ಜಿಬಿಗೆ ಏರಿಸಬಹುದು.

ಸರಾಸರಿ ಫ್ರೇಮ್ ಸಂಖ್ಯೆ ನೋಡಿ ಮೋಸಹೋಗಬೇಡಿ. ಆಫ್ಟರ್‌ಬರ್ನರ್ ಅನ್ನುವ ಸಾಫ್ಟ್‌ವೇರ್ ಹಾಕಿ ಫ್ರೇಮ್‌ಟೈಮ್, ಅಂದರೆ ಒಂದೊಂದು ಫ್ರೇಮ್‌ಗೆ ಹಿಡಿದ ಸಮಯದ ಗೆರೆ ನೋಡಿ. ನೇರ ಗೆರೆಯಲ್ಲಿ ಅಲ್ಲಲ್ಲಿ ಮುಳ್ಳು ಎದ್ದರೆ ಅದೇ ಕಣ್ಣಿಗೆ ಕುಕ್ಕುವುದು. ಒಂದೇ ಜಾಗದಲ್ಲಿ ಎರಡನೇ, ಮೂರನೇ ಸಲ ಹೋದಾಗಲೂ ಮುಳ್ಳು ಏಳುತ್ತಿದ್ದರೆ ಅದು ಶೇಡರ್ ಅಲ್ಲ, ಮುಂದಿನ ಜಾಗವನ್ನು ಗೇಮ್ ಡಿಸ್ಕಿನಿಂದ ಎಳೆದುಕೊಳ್ಳುವಾಗ ತೊಡರುತ್ತಿದೆ. ಹಾರ್ಡ್‌ಡಿಸ್ಕ್‌ನಲ್ಲಿ ಹಾಕಿದ್ದರೆ ಎಸ್‌ಎಸ್‌ಡಿಗೆ ಸಾಗಿಸಿ. ಎಸ್‌ಎಸ್‌ಡಿಯಲ್ಲೂ ಹಾಗೇ ಇದ್ದರೆ ಅದು ಗೇಮ್ ಮಾಡಿದವರ ಪಾಪ, ಪ್ಯಾಚ್ ಬರುವವರೆಗೆ ಫ್ರೇಮ್ ಮಿತಿ ಹಾಕಿ ಆಡಿ.

ಗೋಡೆಗಳು ಮೇಣದಂತೆ ಕರಗಿದ ಹಾಗೆ ಕಂಡು, ಹತ್ತಿರ ಹೋದರೂ ಚೂಪಾಗದಿದ್ದರೆ ಗ್ರಾಫಿಕ್ಸ್ ಕಾರ್ಡಿನ ಮೆಮೊರಿ ತುಂಬಿದೆ. 8 ಜಿಬಿ ಕಾರ್ಡ್ ಆದರೆ ಟೆಕ್ಸ್ಚರ್ (ವಸ್ತುಗಳ ಮೇಲೆ ಹಚ್ಚುವ ಚಿತ್ರಗಳ) ಸೆಟ್ಟಿಂಗ್ ಒಂದು ಮೆಟ್ಟಿಲು ಇಳಿಸಿ ಗೇಮ್ ಮತ್ತೆ ಶುರುಮಾಡಿ. ಬ್ರೌಸರ್ ಮುಚ್ಚಿ, ಅದೂ ಕಾರ್ಡಿನ ಮೆಮೊರಿ ತಿನ್ನುತ್ತದೆ. ಹಾಗೇ ರ‍್ಯಾಮ್ ನೋಡಿ: 3200ರ ಡಿಡಿಆರ್4 ತಂದು ಬಯಾಸ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮ್‌ನ ಪೂರ್ತಿ ವೇಗದ ಸೆಟ್ಟಿಂಗ್) ಹಾಕದೇ ಬಿಟ್ಟರೆ ಅದು ಬಹಳ ಸಲ 2133 ಅಥವಾ 2400ಕ್ಕೆ ಓಡುತ್ತಿರುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲೇ ಕಾಣುತ್ತದೆ.

ಮಾನಿಟರ್ ಕೇಬಲ್ ಮದರ್‌ಬೋರ್ಡಿಗೆ ಸಿಕ್ಕಿಸಿದ್ದೀರಾ, ಕಾರ್ಡಿಗೆ ಸಿಕ್ಕಿಸಿದ್ದೀರಾ? ನಗಬೇಡಿ, ಹಿಂದೆ ಹೋಗಿ ನೋಡಿ ಬನ್ನಿ. 144 ಹರ್ಟ್ಜ್ ಮಾನಿಟರ್ ವಿಂಡೋಸ್‌ನಲ್ಲಿ 60ಕ್ಕೇ ನಿಂತಿದೆಯಾ ಅಂತಲೂ ನೋಡಿ.

ಅರ್ಧ ತಾಸಿನ ನಂತರ

ಅಳಿಯನ ಮನೆಯ ಐದನೇ ತಪ್ಪು ಇದು. ಕನ್ಸೋಲ್ ಇದ್ದದ್ದು ಗಾಜಿನ ಬಾಗಿಲಿನ ಶೋಕೇಸ್ ಒಳಗೆ. ಮೇಲೆ ಅಕ್ಕ ಕೈಯಾರೆ ಹಾಕಿದ ಕ್ರೋಶಾ ಬಟ್ಟೆ, ಅದರ ಮೇಲೆ ಒಂದು ಪುಟ್ಟ ಗಣಪ. "ಧೂಳ ಕುಂಡ್ರತೈತಿ ಅಂತ ಹೊಚ್ಚೇನಿ, ತಗೀಬ್ಯಾಡ" ಅಂದಳು. ಹುಬ್ಬಳ್ಳಿ ಧೂಳಿನ ಬಗ್ಗೆ ಅವಳು ಹೇಳಿದ್ದು ಸುಳ್ಳಲ್ಲ. ಆದರೆ ಬಟ್ಟೆಯ ಹಿಂದೆ ಕೈ ಇಟ್ಟರೆ ಇಸ್ತ್ರಿ ಪೆಟ್ಟಿಗೆಯ ಹತ್ತಿರ ಇಟ್ಟಂತಿತ್ತು. ಗಣಪನನ್ನು ಟಿವಿಯ ಪಕ್ಕಕ್ಕೆ ಕೂಡಿಸಿ, ಕನ್ಸೋಲನ್ನು ಹೊರಗೆ ಇಟ್ಟೆ. ಬಟ್ಟೆ ಆಡದಿದ್ದಾಗ ಮಾತ್ರ ಹೊಚ್ಚು ಅಂತ ರಾಜಿಯಾಯಿತು.

ಪಿಎಸ್5ನ ಪಕ್ಕದ ಹೊದಿಕೆ ತೆಗೆದರೆ ಧೂಳು ಸೇರಲೆಂದೇ ಮಾಡಿದ ತೂತುಗಳಿವೆ. ಪೂರ್ತಿ ಆರಿಸಿ, ವೈರ್ ಕಿತ್ತು, ವ್ಯಾಕ್ಯೂಮ್‌ನಿಂದ ಮೆಲ್ಲಗೆ ಎಳೆಯಿರಿ. ನಮ್ಮ ಕಡೆ ಬೇಸಿಗೆಯಲ್ಲಿ ಎರಡು ತಿಂಗಳಿಗೊಮ್ಮೆ ಮಾಡಿದರೆ ಒಳ್ಳೆಯದು. ಪಿಸಿಯಲ್ಲಿ ಕಾರ್ಡಿನ ಬಿಸಿಯನ್ನೂ ಕ್ಲಾಕ್ ವೇಗವನ್ನೂ ಒಟ್ಟಿಗೆ ನೋಡಿ. ಬಿಸಿ 83 ಡಿಗ್ರಿ ಸುತ್ತ ನಿಂತು ವೇಗ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿದ್ದರೆ ಕಾರ್ಡ್ ತನ್ನನ್ನು ತಾನೇ ಹಿಡಿದುಕೊಳ್ಳುತ್ತಿದೆ. ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು ಫ್ಯಾನ್ ಹಚ್ಚಿ ಆಡಿ ನೋಡಿ. ತೊಂದರೆ ಹೋದರೆ ಕಾರಣ ಗೊತ್ತಾಯಿತು, ಆಮೇಲೆ ಧೂಳು ತೆಗೆಯುವುದೋ ಫ್ಯಾನ್ ಹಾಕಿಸುವುದೋ ಯೋಚಿಸಿ.

ಭಾರಿ ದೃಶ್ಯದಲ್ಲಿ ಪರದೆ ಕಪ್ಪಾಗಿ ಪಿಸಿ ತಾನಾಗಿ ಮತ್ತೆ ಶುರುವಾದರೆ ಅದು ಗ್ರಾಫಿಕ್ಸ್ ಸೆಟ್ಟಿಂಗ್ ಅಲ್ಲ, ಹೆಚ್ಚಾಗಿ ಪವರ್ ಸಪ್ಲೈ. ಕರೆಂಟ್ ಹೋದಾಗ ಮಾತ್ರ ಹೀಗಾದರೆ ಮನೆಯ ಇನ್ವರ್ಟರ್ ನೋಡಿ. ಪಿಸಿಯ ಪವರ್ ಸಪ್ಲೈ ಕರೆಂಟಿಲ್ಲದೆ ತಡೆದುಕೊಳ್ಳುವುದು ಸುಮಾರು 16 ಮಿಲಿಸೆಕೆಂಡ್, ಒಂದು ಫ್ರೇಮಿನಷ್ಟು ಹೊತ್ತು. ಇನ್ವರ್ಟರ್ ಬ್ಯಾಟರಿಗೆ ಹೊರಳಲು ಅದಕ್ಕಿಂತ ತಡಮಾಡಿದರೆ ಪಿಸಿ ಆರುತ್ತದೆ. ಇನ್ವರ್ಟರ್ ಹಿಂದೆ ಯುಪಿಎಸ್ ಮೋಡ್ ಅಂತ ಸ್ವಿಚ್ ಇದ್ದರೆ ಅದಕ್ಕೆ ಹಾಕಿ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಗೇಮಿಂಗ್ ಪಿಸಿಯನ್ನು ಅದಕ್ಕೆ ಕೊಡಲೇಬೇಡಿ.

ಇಷ್ಟಾದರೂ ಕನ್ಸೋಲ್ ವಿಚಿತ್ರವಾಗಿ ಆಡುತ್ತಿದ್ದರೆ ಕಡೆಯದಾಗಿ ಸೇಫ್ ಮೋಡ್. ಪಿಎಸ್5 ಪೂರ್ತಿ ಆರಿಸಿ, ಪವರ್ ಬಟನ್ ಒತ್ತಿ ಹಿಡಿಯಿರಿ, ಎರಡನೇ ಬೀಪ್ ಕೇಳಿದ ಮೇಲೆ ಬಿಡಿ, ಕಂಟ್ರೋಲರ್‌ಗೆ ವೈರ್ ಹಾಕಿ. ಕ್ಯಾಶ್ ತೆಗೆದು ಡೇಟಾಬೇಸ್ ಮತ್ತೆ ಕಟ್ಟುವ ಆಯ್ಕೆ ಆರಿಸಿ. ಅದರ ಕೆಳಗೇ ಇರುವ ರೀಸೆಟ್ ಎಲ್ಲವನ್ನೂ ಅಳಿಸಿಬಿಡುತ್ತದೆ, ಬೆರಳು ಜಾರದಂತೆ ನೋಡಿಕೊಳ್ಳಿ.

ಆಗಲೂ ಬಗೆಹರಿಯದೆ ಯಾರನ್ನಾದರೂ ಕೇಳುವುದಾದರೆ ಗೇಮ್ ಹೆಸರು, ಯಾವ ಮೋಡ್, ಟಿವಿ ಮಾದರಿ, ಮತ್ತು ನಿಂತಾಗಲೋ ಓಡುವಾಗಲೋ ಅನ್ನುವುದನ್ನು ಬರೆದು, ಹತ್ತು ಸೆಕೆಂಡಿನ ವಿಡಿಯೊ ಜೊತೆಗೆ ಕಳಿಸಿ. ಫೋನಿನಲ್ಲಿ ಟಿವಿಯನ್ನು ಚಿತ್ರಿಸಬೇಡಿ, ಕನ್ಸೋಲ್‌ನಲ್ಲೇ ರೆಕಾರ್ಡ್ ಮಾಡಿ. ವಾಟ್ಸಾಪ್‌ನಲ್ಲಾದರೆ ವಿಡಿಯೊ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಹಾಕಿ. ಅಳಿಯ ನನಗೆ ಮೊದಲು ಕಳಿಸಿದ್ದ ವಿಡಿಯೊದಲ್ಲಿ ಗೇಮ್ ಅಷ್ಟೇ ಅಲ್ಲ, ಪಕ್ಕದಲ್ಲಿ ಕೂತ ಅಕ್ಕನ ಮುಖವೂ ಮಬ್ಬಾಗಿತ್ತು.